ಚೌಡಿಗೆ ಬೇಕಾದ ಕೇಪಳ

ಹುಲಿಗೆಮ್ಮನ ಮನೆದೇವತೆ ಚೌಡಿ ವರ್ಷಗಟ್ಟಲೆ ಬುಟ್ಟಿಯಲ್ಲೇ ಮಲಗಿದ್ದಳು.

ಶರಾವತಿಗೆ ಕಟ್ಟೆ ಕಟ್ಟಿ ಊರು ಮುಳುಗಿದ ಮೇಲೆ, ಹೊಸನಗರದ ಕಡೆಯವರನ್ನು ಲಾರಿಯಲ್ಲಿ ತುಂಬಿ ತಂದು ಸಾಗರದಾಚೆಯ ಬೋಳುಗುಡ್ಡದಲ್ಲಿ ಇಳಿಸಿದ್ದರು. ಬರೀ ಜಂಬಿಟ್ಟಿಗೆ ಕಲ್ಲು. ಗುದ್ದಲಿ ಹಾಕಿದರೆ ಕಿಡಿ. ಎಷ್ಟು ಮಳೆ ಹೊಯ್ದರೂ ನೀರು ನಿಲ್ಲದು. ಭತ್ತ ದೂರದ ಮಾತು. ಹುಲಿಗೆಮ್ಮ ಪಟ್ಟು ಹಿಡಿದು ತಂದದ್ದು ಚೌಡಿಯ ಕಲ್ಲು, ಅದರ ಬುಡದಲ್ಲಿದ್ದ ಕೇಪಳದ ಮರಿಗಿಡ. ಅವರ ಮನೆತನದ ಕಟ್ಟಳೆ ಹಾಗೆ: ಕದಲಿಸಿದ ಚೌಡಿಯನ್ನು ಮತ್ತೆ ನಿಲ್ಲಿಸಬೇಕಾದರೆ ಅವಳ ಬುಡದ ಗಿಡವೇ ಹೊಸ ನೆಲದಲ್ಲಿ ಕೆಂಪು ಹೂ ಬಿಡಬೇಕು. ನಿಲ್ಲಿಸಿದ ಮೇಲೆ ಆ ನೆಲ ಬಿಟ್ಟು ಏಳುವ ಹಾಗಿಲ್ಲ.

ಗಂಡ ಕನ್ನಪ್ಪನಿಗೆ ಏಳುವುದೇ ಬೇಕಾಗಿತ್ತು. "ಬೇಸಿಗೇಲಿ ನೀರಿಳಿದ್ರೆ ನಮ್ಮ ಹಳೇ ಗದ್ದೆ ಮೇಲೆ ಬರ್ತದಂತೆ. ಬರೋ ಬೇಸಿಗೆಗೂ ಹೂ ಬಿಡ್ಲಿಲ್ವಾ, ಗಂಟು ಕಟ್ಟು, ಹೋಗಾಣ."

ಗಂಟು ಅಂದರೇ ಹುಲಿಗೆಮ್ಮನ ಸೊಂಟ ನೋಯುತ್ತಿತ್ತು. ಮೊದಲು ತವರಿಂದ ಗಂಡನ ಊರಿಗೆ, ಊರು ಮುಳುಗಿದಾಗ ನಡುವೆ ಕೆಲವು ದಿನ ತಾಳಗುಪ್ಪದ ಶೆಡ್ಡಿಗೆ, ಅಲ್ಲಿಂದ ಇಲ್ಲಿಗೆ. ಇನ್ನೊಂದು ಸಲ ಆಗದು. ಅದಕ್ಕೇ ಗಿಡವನ್ನು ಬಚ್ಚಲ ಪಕ್ಕದಲ್ಲಿ ನೆಟ್ಟು, ಪಾತ್ರೆ ತೊಳೆದ ಬೂದಿನೀರು ಹರಿಸಿ, ಮೇಲಿಂದ ಒಲೆಬೂದಿಯನ್ನೂ ಸುರಿಯುತ್ತಿದ್ದಳು. ಅಲ್ಲೇ ಇದ್ದ ಬಸಳೆ ಕೊಬ್ಬಿ ಚಪ್ಪರ ತುಂಬಿತು. ಕೇಪಳ ಮಾತ್ರ ಎಲೆಯ ನರವಷ್ಟೇ ಹಸಿರುಳಿಸಿಕೊಂಡು ಹಳದಿಯಾಯಿತು. ಅವಳು ಇನ್ನಷ್ಟು ಬೂದಿ ಹಾಕಿದಳು.

ಅದೇ ಲಾರಿಯಲ್ಲಿ ಬಂದ ನೆರೆಮನೆಯ ರಂಗಮ್ಮ ನಕ್ಕಳು. "ಕಾಡುಗಿಡಕ್ಕೆ ಬಾಣಂತನ ಮಾಡ್ತೀಯಲ್ಲೇ ಮಾರಾಯ್ತಿ! ಅಲ್ಲಿ ಅದಕ್ಕೆ ಬೂದಿ ಹಾಕ್ತಿದ್ದೋರು ಯಾರು, ನಿಮ್ಮತ್ತೆಯಾ?"

"ನಮ್ಮತ್ತೆ ನಂಗೇ ಗಂಜಿ ಹಾಕ್ತಿರ್ಲಿಲ್ಲ, ಗಿಡಕ್ಕೆ ಹಾಕ್ತಾಳಾ?"

ಅಂದವಳು ಹಾಗೇ ನಿಂತಳು. ಹೌದಲ್ಲ. ಅಲ್ಲಿ ಕೇಪಳ ಇದ್ದದ್ದು ಕಲ್ಲುಸಂದಿಯಲ್ಲಿ. ಬೂದಿ ಕಂಡದ್ದೇ ಇಲ್ಲ; ಉದುರಿ ಕೊಳೆತ ಎಲೆಯ ದರಗು, ಅರ್ಧ ದಿನದ ಬಿಸಿಲು, ಬಿದ್ದ ಕೂಡಲೇ ಇಂಗುವ ನೀರು. ಕಾಲಕೆಳಗಿನ ಈ ದರಿದ್ರ ಗುಡ್ಡವೂ ಅಂಥದ್ದೇ.

ಮುಂಗಾರು ಹಿಡಿದಾಗ ಗಿಡವನ್ನು ಬೇರುಮಣ್ಣಿನ ಸಮೇತ ಕಿತ್ತು ಗುಡ್ಡದ ದಿಬ್ಬಕ್ಕೆ ನೆಟ್ಟಳು. ಬುಡಕ್ಕೆ ದರಗು ಹೊದಿಸಿದಳು, ಅಷ್ಟೇ. ಆ ಮೇಲೆ ಕೂಲಿಯಿಂದ ಬರುವಾಗ ದೂರದಿಂದ ನೋಡುವಳು. ಚಳಿ ಕಳೆಯುವ ಹೊತ್ತಿಗೆ ಎಲೆ ಕಪ್ಪುಹಸಿರಾಯಿತು.

ಶಿವರಾತ್ರಿ ಮುಗಿದು, ಕನ್ನಪ್ಪ ಗುದ್ದಲಿ ಹಗ್ಗ ಗಂಟು ಕಟ್ಟಿಟ್ಟ ಮೇಲೆ, ಒಂದು ಬೆಳಿಗ್ಗೆ ಗೊಂಚಲು ಬಿರಿದಿತ್ತು. ಅವಳು ಅವನನ್ನು ಕರೆದು ತೋರಿಸಿದಳು.

"ಬಿಡ್ತಲ್ಲ ಹಾಳಾದ್ದು," ಅಂದ ಕನ್ನಪ್ಪ. "ಭತ್ತ ಬೆಳೀದ ನೆಲದಲ್ಲಿ ಹೂ ತಿಂದು ಬದುಕ್ತೀಯೇನೆ?"

"ಏನೋ ಒಂದು ತಿಂತೀನಿ. ಮತ್ತೆ ಗಂಟು ಹೊತ್ತು ನಡೀಲಿಕ್ಕೆ ಮಾತ್ರ ನನ್ನಿಂದಾಗಲ್ಲ. ಕಲ್ಲೆತ್ತು."

ಚೌಡಿಗೆ ಎದುರಾಡುವ ಧೈರ್ಯ ಅವನಿಗಿರಲಿಲ್ಲ. ಬೈಯುತ್ತಲೇ ಗಂಟು ಬಿಚ್ಚಿ ಗುದ್ದಲಿ ತೆಗೆದು ಗುಂಡಿ ತೋಡಿದ. ಕಿಡಿ ಹಾರಿತು. ಕಲ್ಲು ನಿಂತಿತು, ಅವಳು ಹೂ ಇಟ್ಟಳು. ಆಮೇಲೆ ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸಿ ಕೂಲಿಗೆ ಹೊರಟಳು.