ಕೈ ಹಿಂದೆ ಕಟ್ಟಿಕೊಂಡು ನಿಂತ ಮೇಸ್ತ್ರಿ

ಅವರ ಬಲಗಿವಿಯ ಅಂಚಿನಲ್ಲಿ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಎಡಗಿವಿ ಎಲ್ಲರ ಕಿವಿಯಂತೆಯೇ. ಬಲಗಿವಿಗೆ ಮಾತ್ರ ಕಾಡಿಗೆ ತೀಡಿದ ಹಾಗೆ ಗ್ರೀಸು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುವುದು ಅವರ ಪದ್ಧತಿ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿದರೋ, ಬೈಸಿಕೊಂಡರೆಂದೇ ಲೆಕ್ಕ. ಮದುವೆಮನೆಗೆ ಹೊರಟಾಗಲೂ ಆ ಗೆರೆ ಹೋಗುತ್ತಿರಲಿಲ್ಲವೆಂದು ಅವರ ಹೆಂಡತಿ ದೂರುತ್ತಿದ್ದರು. ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡುತ್ತಿರಲಿಲ್ಲವಂತೆ.

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ ಅವರ ತಗಡಿನ ಶೆಡ್ಡು. ಅದಕ್ಕೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬನವಾಸಿ ಕಡೆಯ ಒಕ್ಕಲು ಮನೆತನದವರು. ಮನೆಯ ಟ್ರ್ಯಾಕ್ಟರ್ ಕೆಟ್ಟಾಗ ನಟ್ಟು ಬಿಚ್ಚುವ ಪಾನಾ ಹಿಡಿದ ಕೈ, ಆಮೇಲೆ ನೇಗಿಲ ಕಡೆಗೆ ತಿರುಗಲೇ ಇಲ್ಲ. ಶಿರಸಿಗೆ ಬಂದು ನಲವತ್ತು ವರ್ಷವಾದರೂ ಅವರ ಮಾತು ಮಾತ್ರ ಬನವಾಸಿ ಬಿಟ್ಟು ಬಂದಿರಲಿಲ್ಲ. ನಮಗೆಲ್ಲ ಅವರು ಮೇಸ್ತ್ರಿ, ಅವರಿಗೆ ನಾನು ಅಕ್ಕಾರು.

ನಾನು ವಿಮಾ ಏಜೆಂಟ್. ಕಾನಸೂರು, ಮಂಚಿಕೇರಿ, ಉಮ್ಮಚಗಿ ಅಂತ ಮನೆಮನೆಗೆ ಹೋಗಿ, ಸಾವು, ಕಾಯಿಲೆ, ಅಪಘಾತಗಳ ಮಾತು ನಗುನಗುತ್ತ ಆಡಿ ಸಹಿ ಹಾಕಿಸಿಕೊಂಡು ಬರುವವಳು. ಕಾರು ನಿಂತರೆ ನನ್ನ ಕೆಲಸವೂ ನಿಂತಂತೆ. ಅದಕ್ಕೇ ಮೇಸ್ತ್ರಿಯ ಪರಿಚಯವಾಗದೆ ಗತಿ ಇರಲಿಲ್ಲ.

ಮೊದಲ ಸಲ ಹೋದದ್ದು ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ಒಂದು ಸದ್ದಿಗಾಗಿ. ಪ್ರತಿ ತಿರುವಿನಲ್ಲೂ ಕೆಳಗೆಲ್ಲೋ ಧಡ್ ಎನ್ನುತ್ತಿತ್ತು. ಬೇರೆ ಕಡೆ ತೋರಿಸಿದಾಗ, ಸಸ್ಪೆನ್ಷನ್ ಪೂರ್ತಿ ಹೋಗಿದೆ, ಎಲ್ಲ ಬಿಚ್ಚಬೇಕು ಎಂದು ಹೆದರಿಸಿ ಕಳಿಸಿದ್ದರು. ಮೇಸ್ತ್ರಿ ಬಾನೆಟ್ ಕೂಡ ಎತ್ತಲಿಲ್ಲ. "ನಡೀರಿ, ಒಂದು ಸುತ್ತ ಹೋಗಿ ಬರೂಣು. ಮೊದಲ ಆ ಹಾಡು ಬಂದ್ ಮಾಡ್ರಿ" ಎಂದು ಪಕ್ಕದಲ್ಲಿ ಕುಳಿತರು. ಎರಡು ತಿರುವು ಕಳೆಯುವುದರೊಳಗೆ ಗಾಡಿ ನಿಲ್ಲಿಸಲು ಹೇಳಿ, ನನ್ನ ಸೀಟಿನ ಕೆಳಗೆ ಕೈಹಾಕಿ, ಮಂಚಿಕೇರಿಯ ಪಾಲಿಸಿದಾರರೊಬ್ಬರು ಹಿಂದಿನ ವಾರ ಕೊಟ್ಟಿದ್ದ, ದಪ್ಪ ಸೌತೆಯಂಥ ಮೊಗೆಕಾಯಿಯನ್ನು ಹೊರಗೆಳೆದರು.

"ಅಕ್ಕಾರ, ಇದಕ್ಕ ಸಸ್ಪೆನ್ಷನ್ ಬ್ಯಾಡ. ಹುಳಿ ಮಾಡ್ರಿ."

ನಾಚಿಕೆಯಿಂದ ಅರ್ಧ ಮೊಗೆಕಾಯಿಯನ್ನು ಅವರ ಮನೆಗೇ ಕಳಿಸಿಕೊಟ್ಟೆ.

ಅಂದಿನಿಂದ ಅವರು ನನಗೆ ಕೇಳಿಸಿಕೊಳ್ಳುವುದನ್ನು ಕಲಿಸಿದರು. "ಸದ್ದು ಎಲ್ಲಿಂದ ಬರತೈತಿ ಅನ್ನೂದು ಆಮ್ಯಾಲ. ಯಾವಾಗ ಬರತೈತಿ, ಯಾವಾಗ ನಿಲ್ಲತೈತಿ, ಅದನ್ನ ಹೇಳ್ರಿ" ಎನ್ನುತ್ತಿದ್ದರು. ನಾನು ಸುಮ್ಮನೆ 'ಏನೋ ಸದ್ದು ಮೇಸ್ತ್ರಿ' ಎಂದರೆ ಶೆಡ್ಡಿನೊಳಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ. ಕಾನಸೂರಿನವರೆಗೆ ಹೋಗಿ ಕೇಳಿಕೊಂಡು ಬರಬೇಕಿತ್ತು. ಈಗ ನಾನು ಪಾಲಿಸಿದಾರರ ಜಗಲಿಯಲ್ಲಿ ಕುಳಿತಾಗಲೂ ಹಾಗೇ ಮಾಡುತ್ತೇನೆ. ಅವರು ಮಾತು ನಿಲ್ಲಿಸುವ ಜಾಗ ಯಾವುದು ಎಂದು ನೋಡುತ್ತೇನೆ.

ನಾನೂ ಅವರನ್ನು ಬಿಟ್ಟವಳಲ್ಲ. ಒಂದು ಪಾಲಿಸಿ ಮಾಡಿಸಿ ಎಂದು ಇಪ್ಪತ್ತು ವರ್ಷ ಬೆನ್ನುಬಿದ್ದೆ. "ಈ ಮಳಿಗಾಲ ಒಂದು ಕಳೀಲ್ರಿ" ಎನ್ನುತ್ತಿದ್ದರು. ಮಳೆಗಾಲಗಳು ಕಳೆದವು, ಅವರ ವಯಸ್ಸು ಪಾಲಿಸಿ ಕೊಡುವ ಮಿತಿಯನ್ನೂ ದಾಟಿತು. "ಅಕ್ಕಾರ, ಈಗ ನೀವೂ ಆರಾಮ, ನಾನೂ ಆರಾಮ" ಎಂದು ಅವತ್ತು ನನಗೆ ಚಹಾ ತರಿಸಿದರು.

ಎಡ ಮೊಣಕಾಲು ತಕರಾರು ಶುರುಮಾಡಿದ ಮೇಲೆ ಡಾಕ್ಟರು ಕ್ಲಚ್ ಒತ್ತುವುದನ್ನು ಬಿಡಿ ಎಂದರು. ಹಳೆಯ ಕಾರು ಕೊಟ್ಟು ಆಟೋಮ್ಯಾಟಿಕ್ ಗೇರಿನ ಹೊಸ ಕಾರು ತಂದೆ. ಅದನ್ನು ಮೊದಲು ತೋರಿಸಿದ್ದು ಮೇಸ್ತ್ರಿಗೇ. ಅವರು ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಸುತ್ತು ಬಂದರು, ಮುಟ್ಟಲಿಲ್ಲ. "ಮೂರು ವರ್ಷ ಕಂಪನಿ ವಾರಂಟಿ ಐತಲ್ರಿ. ನಾ ಕೈ ಹಚ್ಚಿದ್ರ ಅವ್ರಿಗೆ ಒಂದು ನೆವ ಸಿಕ್ಕಂಗ. ಹಾಸ್ಟೆಲ್‌ಗೆ ಹಾಕೀವಿ ಅನಕೋಬೇಕು. ಓದಿ ಮುಗಿಸಿ ಬರ್ಲಿ."

ಅಂದಿನಿಂದ ಕಾರಿಗೆ ಹಾಸ್ಟೆಲ್ ಹುಡುಗಿ ಎಂಬ ಹೆಸರೇ ನಿಂತಿತು. ಸರ್ವೀಸಿಗೆ ಹುಬ್ಬಳ್ಳಿಯ ಕಂಪನಿ ವರ್ಕ್‌ಶಾಪಿಗೆ ಹೋಗಿ ಬಂದಾಗಲೆಲ್ಲ, "ಏನಂದ್ರು ಮಾಸ್ತರು?" ಎಂದು ಕೇಳುತ್ತಿದ್ದರು. ಆಮೇಲಾಮೇಲೆ "ಇನ್ನೆಷ್ಟು ತಿಂಗಳ ಉಳೀತ್ರಿ?" ಎನ್ನತೊಡಗಿದರು. ಅವರ ಶೆಡ್ಡು ಖಾಲಿಯಾಗುತ್ತಿತ್ತು. ಊರಿನ ಹೊಸ ಕಾರುಗಳೆಲ್ಲ ಕಂಪನಿಗೇ ಹೋಗುತ್ತಿದ್ದವು. ಇವರ ಪಾಲಿಗೆ ಹಳೆಯ ಜೀಪು, ಗೂಡ್ಸ್ ಗಾಡಿಗಳಷ್ಟೇ. ಒಂದು ದಿನ ನೋಡುತ್ತೇನೆ, ಶೆಡ್ಡಿನ ಗೋಡೆಯ ಗೂಡಿನಲ್ಲಿ ನನ್ನ ಹೊಸ ಕಾರಿನ ಆಯಿಲ್ ಫಿಲ್ಟರ್, ಡಬ್ಬಿ ಸಮೇತ. ಹುಡುಗಿ ಮನೆಗೆ ಬರುವ ಮೊದಲೇ ತರಿಸಿಟ್ಟಿದ್ದರು.

ಮೂರನೆಯ ವರ್ಷ ಮುಗಿಯಲು ಹದಿನೈದು ದಿನವಿದ್ದಾಗ ಶೋರೂಮಿನಿಂದ ಫೋನುಗಳು ಶುರುವಾದವು. ಇನ್ನೆರಡು ವರ್ಷಕ್ಕೆ ವಾರಂಟಿ ವಿಸ್ತರಿಸಿಕೊಳ್ಳಿ ಮೇಡಂ, ಈ ತಾರೀಕು ದಾಟಿದರೆ ಮತ್ತೆ ಸಿಗುವುದಿಲ್ಲ. ಹೆದರಿಸಿ ಮಾರುವ ಕಲೆಯಲ್ಲಿ ನಾನೇ ಪಳಗಿದವಳು, ಫೋನಿನಲ್ಲಿ ಮಾತಾಡುವವಳ ಒಂದೊಂದು ವಾಕ್ಯವೂ ನನ್ನದೇ ಬಾಯಿಂದ ಬಂದ ಹಾಗಿತ್ತು. ಆದರೂ ತೀರ್ಮಾನವಾಗಲಿಲ್ಲ. ಊರಿಗೆಲ್ಲ ಧೈರ್ಯವಾಗಿ 'ಮಾಡಿಸಿ' ಎನ್ನುವ ನಾನು ನನ್ನದೇ ಕಾರಿನ ವಿಷಯದಲ್ಲಿ ಒದ್ದಾಡಿದೆ. ತೆಗೆದುಕೊಂಡರೆ ಇನ್ನೆರಡು ವರ್ಷ ಮೇಸ್ತ್ರಿ ಗಾಡಿ ಮುಟ್ಟುವಂತಿಲ್ಲ. ಬಿಟ್ಟರೆ, ಗೇರ್ ಪೆಟ್ಟಿಗೆ ಕೈಕೊಟ್ಟ ದಿನ ನನ್ನ ತಿರುಗಾಟವೇ ಬಂದ್.

ನಮ್ಮನೆಯವರನ್ನು ಕೇಳಿದೆ. "ಹಾಳಾಗ್ತು ಹೇಳಿ ಮೊದ್ಲೇ ದುಡ್ಡು ಕೊಡದು ಎಂತಕ್ಕೆ? ಹಾಳಾದಾಗ ನೋಡ್ಲಕ್ಕು" ಎಂದರು. ನನ್ನ ಪಾಲಿಸಿಗಳ ಬಗ್ಗೆ ಊರವರು ಹೇಳುವುದೂ ಇದನ್ನೇ. "ಆನು ಮೇಸ್ತ್ರಿ ಹತ್ರ ಕೇಳ್ಕಂಡು ಬತ್ತೆ" ಎಂದೆ.

"ಕೇಳದು ಎಂತಿದ್ದು? ಅಂವ ಬ್ಯಾಡ ಹೇಳೇ ಹೇಳ್ತ. ಅವಂಗೆ ಗಿರಾಕಿ ತಪ್ತು ಅಲ್ದ?"

ನಿಜ ಹೇಳಬೇಕೆಂದರೆ, ಬೇಡ ಎನ್ನಲಿ ಎಂದೇ ನಾನೂ ಹೋದದ್ದು. ಅವರು ಬೇಡ ಎಂದರೆ ಗೂಡಿನಲ್ಲಿದ್ದ ಆ ಫಿಲ್ಟರಿನ ಮುಖ ನೋಡಲು ನನಗೆ ಸಂಕೋಚವಾಗುತ್ತಿರಲಿಲ್ಲ.

ಮೇಸ್ತ್ರಿ ನನ್ನ ಕೈಯಲ್ಲಿದ್ದ ವಾರಂಟಿಯ ಕಾಗದ ನೋಡಿ, "ಓದ್ರಿ, ಕನ್ನಡದಾಗ ಹೇಳ್ರಿ. ಮೊದಲ ಏನೇನು ಕೊಡಂಗಿಲ್ಲ ಅಂತ ಬರದಾರ, ಅದನ್ನ" ಎಂದರು. ಒಳ್ಳೆಯ ಏಜೆಂಟಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ನಾನು ಓದುತ್ತ ಹೋದೆ. ಬ್ರೇಕ್ ಪ್ಯಾಡ್.

"ಈ ಕೆಲಸ ನನಗ ಬರತೈತಿ" ಎಂದು ಒಂದು ಬೆರಳು ಮಡಚಿದರು.

ಬಲ್ಬು, ವೈಪರು, ರಬ್ಬರ್ ಬುಷ್ಷು. "ಬರತೈತಿ, ಬರತೈತಿ." ಇಲಿ ಕಡಿದ ವೈರು. "ಶಿರಸಿ ಇಲಿ ಕಡಿದ ವೈರು ಹುಬ್ಬಳ್ಳಿಯವ್ರಿಗೇನು ತಿಳೀತೈತ್ರಿ? ಅದೂ ನಂದ."

ಆಮೇಲೆ ಅವರು ಕೊಡುವುದೇನೇನು ಎಂದು ಓದಿದೆ. ಗೇರ್ ಪೆಟ್ಟಿಗೆ, ಅದರ ಕಂಪ್ಯೂಟರು, ಸ್ಟೇರಿಂಗಿನ ಮೋಟಾರು. ಮೇಸ್ತ್ರಿಯ ಬೆರಳು ಮಡಚಲಿಲ್ಲ. "ನಡೀರಿ, ಕಾನಸೂರ ರಸ್ತೆಗೆ" ಎಂದರು. ಹಾಡಿರಲಿಲ್ಲ, ಎಸಿ ಇರಲಿಲ್ಲ. ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತು, ಏರಿನಲ್ಲಿ ನನ್ನಿಂದ ಎರಡು ಸಲ ನಿಲ್ಲಿಸಿ ಹೊರಡಿಸಿದರು. ಮೂರನೆಯ ಸಲ ಕಣ್ಣು ಬಿಟ್ಟರು.

"ನಿಂತಲ್ಲಿಂದ ಎಳೀಬೇಕಾದ್ರ ಒಂದು ಉಸಿರು ತಡಾ ಮಾಡತೈತಿ. ಈಗ ತೋರಿಸಿದ್ರ ಏನೂ ಇಲ್ಲ ಅಂತಾರ. ಆದ್ರ ವರ್ಷ ಎರಡು ವರ್ಷದಾಗ ಈ ಗೇರ್ ಪೆಟಗಿ ಕೆಟ್ಟು ಕೂಡ್ರತೈತಿ. ವಾರಂಟಿ ತಗೋರಿ ಅಕ್ಕಾರ."

"ಹಾಗಾದರೆ ನೀವು ಮುಟ್ಟೋ ಹಾಗಿಲ್ಲವಲ್ಲ ಮೇಸ್ತ್ರಿ."

"ಈ ಪೆಟಗಿ ನನಗ ಬರಂಗಿಲ್ರಿ. ಬರಂಗಿಲ್ಲಂದ್ರ ಬರಂಗಿಲ್ಲ. ಬರತೈತಿ ಅಂತ ನಿಮ್ಮ ಗಾಡಿ ಬಿಚ್ಚಿ ಕಲಿಯೂ ವಯಸ್ಸಲ್ಲ ನಂದು." ಆಮೇಲೆ ನಕ್ಕು, "ಹುಡುಗಿ ಇನ್ನೆರಡು ವರ್ಷ ಕಾಲೇಜ್ ಓದ್ಲಿ ಬಿಡ್ರಿ" ಎಂದರು.

ಅಷ್ಟು ದೊಡ್ಡ ಕೆಲಸಗಾರ ತನಗೆ ಬರುವುದಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರ ದನಿ ಒಂದಿಷ್ಟೂ ತಗ್ಗಿರಲಿಲ್ಲ. ಬೇಡ ಎನ್ನಲಿ ಎಂದು ಹೋದ ನನಗೆ ಮುಖ ಎತ್ತಲಾಗಲಿಲ್ಲ. ಶೆಡ್ಡಿಗೆ ವಾಪಸು ಬಂದಾಗ ಅವರು ಫಿಲ್ಟರಿನ ಡಬ್ಬಿಯ ಧೂಳು ಒರೆಸಿ ಗೂಡಿನೊಳಗೆ ಇನ್ನಷ್ಟು ಹಿಂದಕ್ಕೆ ತಳ್ಳಿದರು.

ಹುಬ್ಬಳ್ಳಿಯಲ್ಲಿ ಹೇಳಿ ನೋಡಿದೆ. ಕಂಪ್ಯೂಟರ್ ಹಚ್ಚಿ ಪರೀಕ್ಷಿಸಿ, ಏನೂ ತೊಂದರೆ ಇಲ್ಲ ಎಂದರು. ವಾರಂಟಿ ವಿಸ್ತರಿಸಿಕೊಂಡೇ ಬಂದೆ. ಮನೆಯಲ್ಲಿ ವಿಷಯ ತಿಳಿಸಿದಾಗ ನಮ್ಮನೆಯವರು ಸ್ವಲ್ಪ ಯೋಚಿಸಿ, "ಹಂಗಾರೆ ಅವಂಗೆ ಕಂಪನಿಂದ ಎಂತೋ ಕಮಿಷನ್ ಬತ್ತಿಕ್ಕು" ಎಂದರು. ಅವರೊಡನೆ ಎರಡು ದಿನ ಮಾತು ಬಿಟ್ಟೆ.

ಮುಂದಿನ ವರ್ಷದ ಬೇಸಗೆ. ಉಮ್ಮಚಗಿಗೆ ಹೊರಟಿದ್ದೆ. ಮಂಚಿಕೇರಿ ಇನ್ನೂ ಸ್ವಲ್ಪ ದೂರವಿರುವಾಗ ಏರಿನ ನಡುವೆ ಕಾರು ಒಮ್ಮೆ ನಡುಗಿ ನಿಂತಿತು. ಎಂಜಿನ್ ಓಡುತ್ತಿದೆ, ಗಾಡಿ ಕದಲುತ್ತಿಲ್ಲ. ಕಂಪನಿಗೆ ಫೋನ್ ಮಾಡಿದರೆ, ಎಳೆದೊಯ್ಯುವ ಲಾರಿ ಬರಲು ಮೂರು ಗಂಟೆ ಬೇಕು, ಅಲ್ಲಿಯವರೆಗೆ ಯಾರೂ ಏನೂ ಬಿಚ್ಚಬಾರದು ಎಂದರು. ಅಷ್ಟರಲ್ಲಿ ಸಹಾಯಕ್ಕೆಂದು ಜನ ಸೇರಿದ್ದರು. ನಮ್ಮ ಕಡೆ ರಸ್ತೆಯಲ್ಲಿ ಕಾರು ನಿಂತರೆ ಬಾನೆಟ್ ಎತ್ತದೆ ಮುಂದೆ ಹೋಗುವ ಗಂಡಸು ಇಲ್ಲವೇ ಇಲ್ಲ. ಒಬ್ಬರು ಆಗಲೇ ತಮ್ಮ ಬೈಕಿನಿಂದ ಪಾನಾ ತೆಗೆದಿದ್ದರು. ನನಗೆ ದಿಕ್ಕು ತೋಚದೆ ಮೇಸ್ತ್ರಿಗೆ ಫೋನ್ ಮಾಡಿದೆ.

ಮುಂದಿನ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಒಂದು ಸಾಮಾನೂ ಇರಲಿಲ್ಲ. ನೇರವಾಗಿ ಬಂದು ಬಾನೆಟ್ಟಿಗೆ ಬೆನ್ನು ಮಾಡಿ, ಕೈ ಹಿಂದೆ ಕಟ್ಟಿಕೊಂಡು ನಿಂತರು.

"ಯಾರೂ ಮುಟ್ಟಬ್ಯಾಡ್ರಿ. ವಾರಂಟಿ ಐತಿ."

"ನೀವು ಮೇಸ್ತ್ರಿ ಅಲ್ದ? ನೀವಾದ್ರೂ ನೋಡಿ" ಎಂದರು ಪಾನಾ ಹಿಡಿದವರು.

"ನಾ ಮುಟ್ಟಬಾರದು ಅಂತನ ಬಂದೀನ್ರಿ."

ಲಾರಿ ಬರುವವರೆಗೂ ಹಾಗೇ ನಿಂತಿದ್ದರು. ಜನ ಚದುರಿದ ಮೇಲೂ ಕೈ ಬಿಚ್ಚಲಿಲ್ಲ. ಕೂತುಕೊಳ್ಳಿ ಎಂದರೆ, "ಕೂತ್ರ ಕೈ ಸುಮ್ಮನಿರಂಗಿಲ್ಲ ಅಕ್ಕಾರ" ಎಂದರು. ಹಿಂದಿನಿಂದ ನೋಡಿದೆ, ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ನಲವತ್ತು ವರ್ಷದಲ್ಲಿ ಕೆಟ್ಟ ಗಾಡಿಯ ಮುಂದೆ ಅವರು ಏನೂ ಮಾಡದೆ ನಿಂತದ್ದು ಅದೇ ಮೊದಲಿರಬೇಕು. ನನಗೆ ಅಳು ಬಂತು. ಕಾರಿಗಾಗಿ ಅಳುತ್ತಿದ್ದೇನೆಂದು ತಿಳಿದು ಅವರೇ ನನಗೆ ಸಮಾಧಾನ ಹೇಳಿದರು.

ಕಂಪನಿಯವರು ಯಾವ ತಕರಾರೂ ಇಲ್ಲದೆ ಗೇರ್ ಪೆಟ್ಟಿಗೆಯನ್ನೇ ಬದಲಿಸಿಕೊಟ್ಟರು. ನನ್ನ ತಿರುಗಾಟ ಮತ್ತೆ ನಡೆಯಿತು. ನಮ್ಮನೆಯವರು ಕಮಿಷನ್ನಿನ ಮಾತು ಮತ್ತೆಂದೂ ಎತ್ತಲಿಲ್ಲ.

ವಿಸ್ತರಿಸಿಕೊಂಡ ವಾರಂಟಿಯ ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಮೇಸ್ತ್ರಿಗೆ ಶ್ವಾಸದ ಕಾಯಿಲೆ ಜೋರಾಗಿ, ಶೆಡ್ಡಿಗೆ ಬೀಗ ಬಿದ್ದು, ಗಂಡ ಹೆಂಡತಿ ಬನವಾಸಿ ಹತ್ತಿರದ ಊರಿಗೆ ಹೋಗಿಬಿಟ್ಟಿದ್ದರು. ವಾರಂಟಿ ಮುಗಿದ ಮರುದಿನ ಬೆಳಿಗ್ಗೆ ನಾನು ಕಾರು ತೆಗೆದುಕೊಂಡು ಅಲ್ಲಿಗೇ ಹೋದೆ. ಗೇಟು ತೆಗೆಯಲೆಂದು ಒಮ್ಮೆ ನಿಂತು, ಮತ್ತೆ ಹೊರಟು ಅಂಗಳದಲ್ಲಿ ಕಾರು ನಿಲ್ಲಿಸಿ ಒಳಗೆ ಕಾಲಿಡುವ ಮೊದಲೇ ಮಂಚದ ಮೇಲಿಂದ ದನಿ ಬಂತು. "ಪೆಟಗಿ ಛಲೋ ಕುಂತೈತ್ರಿ ಅಕ್ಕಾರ. ತಡಾ ಮಾಡವಲ್ದು."

ತೀರ ಇಳಿದುಹೋಗಿದ್ದರು. ನನ್ನ ಕಣ್ಣು ಹೋದದ್ದು ಅವರ ಬಲಗಿವಿಗೆ. ಸ್ವಚ್ಛವಾಗಿ ಬೆಳ್ಳಗಿತ್ತು. ಎಷ್ಟೋ ತಿಂಗಳು ಎಂಜಿನ್ ಕೇಳದೆ, ಹೆಂಡತಿ ದಿನಾ ಬಿಸಿನೀರಿನಲ್ಲಿ ಒರೆಸಿ, ಆ ಗೆರೆ ಕೊನೆಗೂ ಹೋಗಿತ್ತು. ಅದು ಯಾರದೋ ಕಿವಿಯ ಹಾಗೆ ಕಾಣಿಸಿತು.

"ನಿನ್ನೆಗೆ ವಾರಂಟಿ ಮುಗೀತು ಮೇಸ್ತ್ರಿ. ಹುಡುಗಿ ಓದಿ ಬಂದಿದಾಳೆ. ಈಗ ಮುಟ್ಟಬಹುದು" ಎಂದೆ.

ಅವರು ಹೆಂಡತಿಯ ಕಡೆ ನೋಡಿದರು. ಆಕೆ ಗೊಣಗುತ್ತಲೇ ಒಳಗೆ ಹೋಗಿ ಆ ಉದ್ದದ ಸ್ಕ್ರೂಡ್ರೈವರ್ ತಂದರು. ಫಿಲ್ಟರಿನ ಡಬ್ಬಿಯನ್ನೂ ತಂದು ನನ್ನ ಕೈಗಿಟ್ಟರು. ಶೆಡ್ಡಿನಿಂದ ಊರಿಗೆ ತಂದ ಸಾಮಾನು ಅವೆರಡೇ ಅಂತೆ. ಇಬ್ಬರೂ ಆಚೀಚೆ ಹಿಡಿದು ಅವರನ್ನು ಅಂಗಳಕ್ಕೆ ಕರೆತಂದೆವು. ನಾನು ಬಾನೆಟ್ ಎತ್ತಿ ಎಂಜಿನ್ ಶುರುಮಾಡಿದೆ. ಐದು ವರ್ಷಗಳಲ್ಲಿ ಮೊದಲ ಬಾರಿಗೆ ಮೇಸ್ತ್ರಿಯ ಕೈ ಆ ಕಾರಿನ ಮೇಲೆ ಬಿತ್ತು. ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದರು. ನಾವಿಬ್ಬರೂ ಮಾತಾಡಲಿಲ್ಲ. ಬಹಳ ಹೊತ್ತು ಕೇಳಿದರು, ಬೇಕಾದ್ದಕ್ಕಿಂತ ಹೆಚ್ಚೇ ಕೇಳಿದರು ಎಂದು ನನಗನ್ನಿಸಿತು.

"ಹುಷಾರೈತಿ" ಎಂದರು.

ತಲೆಯೆತ್ತಿದಾಗ ಬಲಗಿವಿಯ ಅಂಚಿನಲ್ಲಿ ಕಪ್ಪು ಗೆರೆ ಮತ್ತೆ ಮೂಡಿತ್ತು. ಹೆಂಡತಿ ಸೆರಗು ಹಿಡಿದು ಒರೆಸಲು ಹೋದರು. ಮೇಸ್ತ್ರಿ ತಲೆ ಆಚೆ ತಿರುಗಿಸಿ, "ಇರ್ಲಿ ಬಿಡು" ಎಂದರು.

ಮುಂದಿನ ತಿಂಗಳೇ ಅವರು ಹೋದರು. ಸುದ್ದಿ ತಿಳಿದು ಓಡಿಹೋದಾಗ ಸ್ನಾನ ಮಾಡಿಸಿ ಮಲಗಿಸಿದ್ದರು. ನಾನು ಬಾಗಿ ನೋಡಿದ್ದು ಅವರ ಬಲಗಿವಿಯನ್ನು. ಕಪ್ಪು ಗೆರೆ ಹಾಗೇ ಇತ್ತು. ಹೆಂಡತಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ನಾನ ಒರಸಬ್ಯಾಡ್ರಿ ಅಂದೆ ಅಕ್ಕಾರ" ಎಂದರು.