ಮಂಜುಗಡ್ಡೆಯ ಅಂಚು ಗುರುತಿಸುತ್ತಿದ್ದವರು

ತೊಂಬತ್ತರ ದಶಕದಲ್ಲಿ, ವಾಷಿಂಗ್ಟನ್ ಪಕ್ಕದ ಆಫೀಸೊಂದರಲ್ಲಿ ನನ್ನ ಜೊತೆಗಿದ್ದವರು ಮೈಸೂರಿನಲ್ಲಿ ಓದಿದ್ದ ಒಬ್ಬ ಹಿರಿಯ ಮಹಿಳೆ. ಉಪಗ್ರಹದ ಚಿತ್ರ ನೋಡಿ, ಧ್ರುವ ಸಮುದ್ರದ ಮಂಜುಗಡ್ಡೆ ಎಲ್ಲಿಯವರೆಗಿದೆ ಎಂದು ಹಡಗುಗಳಿಗಾಗಿ ಪೆನ್ಸಿಲಿನಿಂದ ಗೆರೆ ಎಳೆಯುವುದು ಅವರ ಕೆಲಸ. ಮುಂದೆ ಆ ಗೆರೆಯನ್ನು ಕಂಪ್ಯೂಟರೇ ಎಳೆಯುವಂತೆ ಮಾಡುವುದು ನನ್ನ ಕೆಲಸ. ಅವರು ಕನ್ನಡಕ ತೆಗೆದು, ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗುತ್ತಿದ್ದರು. ನಾನು ಏನು ಹೇಳಿದರೂ “ನೀನು ಹೋಗಿ ನೋಡಿದ್ಯಾ?” ಎನ್ನುತ್ತಿದ್ದರು. ಅವರೂ ಹೋಗಿ ನೋಡಿದವರಲ್ಲ.

ಒಂದು ಜುಲೈಯಲ್ಲಿ, ಆಗಸ್ಟೂ ಇರಬಹುದು, ನನ್ನ ನೆನಪನ್ನು ನಾನೇ ನಂಬುವುದಿಲ್ಲ, ಆರ್ಕ್ಟಿಕ್‌ನಲ್ಲಿದ್ದ ಹಡಗೊಂದು ದಾರಿ ಕೇಳಿತು. ನನ್ನ ಪ್ರೋಗ್ರಾಂ ನೇರ ದಾರಿಯುದ್ದಕ್ಕೂ ನೀರನ್ನೇ ತೋರಿಸಿತು.

“ಕ್ಲಿಯರ್ ಇದೆ ಆಂಟಿ” ಎಂದೆ.

“ಆಫೀಸಲ್ಲಿ ಆಂಟಿ ಅನ್ಬೇಡ. ಬೇಸಿಗೇಲಿ ಐಸ್ ಕರಗಿ, ಅದರ ಮೇಲೇ ನೀರು ನಿಲ್ಲುತ್ತೆ ಕಣಪ್ಪ. ಸ್ಯಾಟಲೈಟ್‌ಗೆ ಅದೂ ಸಮುದ್ರಾನೇ. ಆ ಜನಾನ ಅದರೊಳಗೆ ಕಳಿಸ್ತೀಯಾ?”

ಅವರು ಗೆರೆಯನ್ನು ಹಡಗಿನ ದಾರಿಗೆ ಅಡ್ಡವಾಗಿ ಎಳೆದರು. ಹಡಗು ಬಳಸಿಕೊಂಡು ಹೋಗಿ ಎರಡು ದಿನ ತಡವಾಗಿ ತಲುಪಿತು. ಅಲ್ಲಿ ನಿಜಕ್ಕೂ ಮಂಜುಗಡ್ಡೆ ಇತ್ತೇ ಎಂಬುದು ಯಾರಿಗೂ ತಿಳಿಯಲಿಲ್ಲ. ನನಗೆ ಇವತ್ತಿಗೂ ಆ ಕುತೂಹಲ ಹೋಗಿಲ್ಲ. ಕ್ಯಾಪ್ಟನ್ ಮಾತ್ರ ಸಿಟ್ಟಿನ ಫ್ಯಾಕ್ಸ್ ಕಳಿಸಿದ.

ಅವರು ಅದನ್ನು ಎರಡು ಸಲ ಓದಿದರು.

“ಬೈಯೋಕೆ ಎಲ್ಲರೂ ಉಳಿದಿದ್ದಾರಲ್ಲ, ಸಾಕು” ಎಂದರು.