ನಾನು ಒಪ್ಪಿಸಿಕೊಂಡ ಇಂಗ್ಲಿಷ್

ಇಂಗ್ಲಿಷ್ ಪುಸ್ತಕ ಕೈಗೆ ಬಂದರೆ ನಾನು ಮೊದಲು ಮಾಡುವ ಕೆಲಸ ಅದನ್ನು ಮೂಸಿ ನೋಡುವುದು. ನಗಬೇಡಿ. ಓದಲು ಬರುವವರು ಓದುತ್ತಾರೆ, ಬರದವರಿಗೆ ವಾಸನೆಯಾದರೂ ಸಿಗಲಿ. ಮೊನ್ನೆ ಭಾನುವಾರ ಸಾಗರದಲ್ಲಿ, ತಂಗಿ ಸುಜಾತಳ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಅವಳ ಮಗಳು ಅನು, ಆಗಷ್ಟೇ ಬೈಂಡು ಹಾಕಿದ ಪುಸ್ತಕವೊಂದನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಮೂಸಿದೆ. ಮೈದಾ ಅಂಟಿನ ವಾಸನೆ, ಇನ್ನೂ ಹಸಿ.

"ದೊಡ್ಡಮ್ಮ, ನಾನು ಒಪ್ಪಿಸ್ತೀನಿ, ನೀವು ಪುಸ್ತಕ ನೋಡ್ಕೊಳ್ಳಿ. ಅಮ್ಮ ಓದುವಾಗ ನೀವೇ ಅಲ್ವಾ ಒಪ್ಪಿಸ್ಕೊಳ್ತಿದ್ದಿದ್ದು? ಭಾರೀ ಸ್ಟ್ರಿಕ್ಟ್ ಅಂತೆ."

ಎಂತ ಪಾಠ ಅಂತ ಕೇಳಿದೆ. ಇಂಗ್ಲಿಷಿನಲ್ಲಿ ಜನ ಒಂದರ ಬದಲು ಇನ್ನೊಂದನ್ನು ಹೇಳಿಬಿಡುವ ಶಬ್ದಗಳು, ಜೋಡಿ ಜೋಡಿಯಾಗಿವೆ, ನಾಳೆ ಪರೀಕ್ಷೆ ಎಂದಳು. ಮಡಿಲಲ್ಲಿದ್ದ ಪುಸ್ತಕ ಒಮ್ಮೆಗೇ ಭಾರವಾಯಿತು. ಒಳಗೆ ಸುಜಾತ ಚಟ್ನಿಗೆ ಕಾಯಿ ತುರಿಯುತ್ತಿದ್ದಳು.

ನಿಮಗೆ ಮೊದಲಿನಿಂದಲೇ ಹೇಳಬೇಕು. ನಾನು ಶಾಲೆ ಬಿಟ್ಟಿದ್ದು ನಾಲ್ಕನೇ ಕ್ಲಾಸಿಗೆ. ನಮ್ಮ ಕಾಲದ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದರಲ್ಲಿ. ಹಾಗಾಗಿ ನನಗೂ ಇಂಗ್ಲಿಷಿಗೂ ಮುಖಾಮುಖಿಯೇ ಆಗಲಿಲ್ಲ. ಅವ್ವ ಗದ್ದೆ ಕೆಲಸಕ್ಕೆ ಹೋದರೆ ಸುಜಾತಳನ್ನು ಎತ್ತಿಕೊಂಡು ತಿರುಗಲು ಒಬ್ಬರು ಬೇಕಿತ್ತು, ಆ ಒಬ್ಬರು ನಾನಾದೆ. ಆಮೇಲೆ ಸಾಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೊಲಿಗೆ ಕಲಿತು ಬಂದೆ. ಬರುವಾಗ ಒಂದು ಸುಳ್ಳನ್ನೂ ಹೊಲಿದುಕೊಂಡು ಬಂದೆ, ಅಲ್ಲಿ ಇಂಗ್ಲಿಷನ್ನೂ ಕಲಿಸಿದರು ಅಂತ. ಹೊಲಿಗೆ ಕಲಿತವಳು ಅನ್ನುವುದಕ್ಕಿಂತ ಅದು ಸ್ವಲ್ಪ ಎತ್ತರದ ಮಾತಾಗಿ ಕೇಳಿಸುತ್ತಿತ್ತು. ಹೊಸನಗರದಲ್ಲಿ ಅಂಗಡಿ ಹಾಕಿದ ಮೇಲೆ ಬ್ಲೌಸು ಹೊಲಿಸಲು ಬರುವ ಟೀಚರುಗಳ ಮಾತಿನಿಂದ "ಸ್ಲೀವು", "ನೆಕ್ಕು", "ಫಿಟ್ಟಿಂಗು" ಹೆಕ್ಕಿಕೊಂಡು ಆ ಸುಳ್ಳಿಗೆ ಅಂಚು ಕಟ್ಟಿದೆ. ಮನೆಯಲ್ಲಿ ಎಲ್ಲರೂ ನಂಬಿದರು. ಎಲ್ಲರಿಗಿಂತ ಹೆಚ್ಚು ನಂಬಿದವಳು ಸುಜಾತ.

ಅವಳು ಪಿಯುಸಿ ಮುಗಿಸಿದ್ದಳು. ತೀರ್ಥಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಕರೆದಿದ್ದರು, ಇಂಗ್ಲಿಷ್ ಬರಬೇಕು ಎಂದಿದ್ದರು. ಅವಳು ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಇಂಥದ್ದೇ ಒಂದು ಪುಸ್ತಕ ತಂದಳು. ಸಂಜೆ ನಾನು ಮಿಷನ್ ತುಳಿಯುವಾಗ ಎದುರಿಗೆ ಕೂತು ಒಪ್ಪಿಸುವುದು. ನಮ್ಮ ಕಡೆ ಮಕ್ಕಳು ಬಾಯಿಪಾಠ ಮಾಡಿ ದೊಡ್ಡವರಿಗೆ ಒಪ್ಪಿಸುತ್ತಾರಲ್ಲ, ಹಾಗೆ. ಒಪ್ಪಿಸುವವರ ಕೈ ಖಾಲಿ, ಕೇಳುವವರ ಕೈಯಲ್ಲಿ ಪುಸ್ತಕ. ಕೇಳುವವರು ಸರಿ ಅಂದರೆ ಸರಿ, ತಪ್ಪು ಅಂದರೆ ತಪ್ಪು.

ಅವಳು ಹೇಳುತ್ತಿದ್ದಳು: ಟೀಚ್ ಅಂದ್ರೆ ಕಲಿಸೋದು, ಲರ್ನ್ ಅಂದ್ರೆ ಕಲಿಯೋದು. ಅಡ್ವೈಸ್ ಅಂದ್ರೆ ಬುದ್ಧಿಮಾತು, ಅಡ್ವೈಜ್ ಅಂದ್ರೆ ಬುದ್ಧಿ ಹೇಳೋದು. ನನ್ನ ಕಿವಿಗೆ ಅಡ್ವೈಸೂ ಅಡ್ವೈಜೂ ಒಂದೇ ನೊಣ ಎರಡು ಸಲ ಹಾರಿದಂತೆ ಕೇಳುತ್ತಿತ್ತು. ಪುಟದ ತುಂಬ ಇರುವೆ ಸಾಲು. ನಾನು ಅದರ ಮೇಲೆ ಕಣ್ಣಾಡಿಸುತ್ತ ನೋಡುತ್ತಿದ್ದುದು ಅವಳ ಮುಖವನ್ನು. ಗಟ್ಟಿಯಾಗಿ ಹೇಳಿದರೆ "ಸರಿ, ಮುಂದೆ." ತಡವರಿಸಿದರೆ "ಊಹೂಂ, ಇನ್ನೊಂದ್ಸಲ."

ಇಷ್ಟೇ ಆಗಿದ್ದರೆ ನಾನು ಈ ಹೊತ್ತು ಇದನ್ನು ಬರೆಯುತ್ತಿರಲಿಲ್ಲ. ಎಲ್ಲದಕ್ಕೂ ಸರಿ ಎನ್ನುತ್ತ ಹೋದರೆ ಓದಲು ಬರುವುದಿಲ್ಲವೆಂದು ಗೊತ್ತಾಗಿಬಿಟ್ಟೀತು ಎಂಬ ಅಳುಕಿತ್ತು ನನಗೆ. ಅದಕ್ಕೇ ನಡುನಡುವೆ, ಅವಳು ಗಟ್ಟಿಯಾಗಿ ಹೇಳಿದ್ದಕ್ಕೂ ತಲೆಯಾಡಿಸಿ "ಉಲ್ಟಾ ಹೇಳ್ದೆ" ಅನ್ನುತ್ತಿದ್ದೆ. ಅವಳು ಪುಸ್ತಕ ಇಸಿದುಕೊಂಡು ನೋಡುತ್ತಿದ್ದಳು. ಅದರಲ್ಲಿ ವಿವರಣೆಯೂ ಇಂಗ್ಲಿಷಿನಲ್ಲೇ, ಪೂರ್ತಿ ಅರ್ಥವಾಗುತ್ತಿರಲಿಲ್ಲ. ಪುಸ್ತಕ ಒಂದು ಕಡೆ, ಅಕ್ಕ ಒಂದು ಕಡೆ. ಅವಳು ಅಕ್ಕನ ಕಡೆ ಬಂದಳು. ಉಲ್ಟಾ ಮಾಡಿಕೊಂಡು ಬಾಯಿಪಾಠ ಮಾಡಿದಳು.

ತೀರ್ಥಹಳ್ಳಿಗೆ ಹೋಗುವ ದಿನ ನಾನೇ ಹೊಲಿದ ಬ್ಲೌಸು ಹಾಕಿಕೊಂಡು ಹೋದಳು. ಹುಂಚದ ಮೇಲೆ ಹೋಗುವ ಬಸ್ಸು. ದಾರಿಯುದ್ದಕ್ಕೂ ಬಾಯಲ್ಲಿ ಗುಣುಗುಣು ಹೇಳಿಕೊಳ್ಳುತ್ತಲೇ ಹೋಗಿರಬೇಕು. ಅಲ್ಲಿ ಒಬ್ಬ ಮೇಡಂ, ಬಾರೋ ಮತ್ತು ಲೆಂಡ್ ಈ ಎರಡಕ್ಕೆ ಏನು ವ್ಯತ್ಯಾಸ, ಮಕ್ಕಳಿಗೆ ಹೇಳುವ ಹಾಗೆ ಹೇಳಿ ಎಂದರಂತೆ. ಇವಳು ಹೇಳಿದಳು. ಕೂತವರು ನಕ್ಕರು. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅಕ್ಕ, ನೀನು ಹಿಂಗೇ ಅಲ್ವಾ ಹೇಳಿದ್ದು?"

ಮಿಷನ್ ನಿಲ್ಲಿಸಲಿಲ್ಲ ನಾನು. "ನಾನು ಸರಿಯಾಗೇ ಹೇಳಿದ್ದೆ. ನಿಂಗೇ ಇಂಗ್ಲಿಷ್ ತಲೆಗೆ ಹತ್ತಲ್ಲ" ಎಂದೆ.

ಆಮೇಲೆ ಅವಳು ಆ ಪುಸ್ತಕ ಮುಟ್ಟಲಿಲ್ಲ. ಮದುವೆಯಾಗಿ ಸಾಗರಕ್ಕೆ ಬಂದಳು. ಈಗ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳ ಸಾರಿಗೆ ಮಕ್ಕಳು ಎರಡನೇ ಸಲ ತಟ್ಟೆ ಹಿಡಿಯುತ್ತಾರೆ, ಅದರಲ್ಲಿ ಅವಳಿಗೆ ಹೆಮ್ಮೆಯಿದೆ. ಆದರೆ ಮಗಳ ಶಾಲೆಯ ಮೀಟಿಂಗಿಗೆ ಗಂಡನನ್ನೇ ಕಳಿಸುತ್ತಾಳೆ. ಬಸ್ಸಿನ ಬೋರ್ಡು ಇಂಗ್ಲಿಷಿನಲ್ಲಿದ್ದರೆ ಪಕ್ಕದವರನ್ನು ಕೇಳುತ್ತಾಳೆ. ಯಾರಾದರೂ ಯಾಕೆ ಎಂದು ಕೇಳಿದರೆ, "ನಂಗೆ ಇಂಗ್ಲಿಷ್ ತಲೆಗೆ ಹತ್ತಲ್ಲ ಮಾರಾಯ್ತಿ" ಎಂದು ನಗುತ್ತಾಳೆ. ನನ್ನದೇ ಮಾತು, "ನಿಂಗೆ" ಹೋಗಿ "ನಂಗೆ" ಆಗಿದೆ ಅಷ್ಟೇ, ಅವಳ ಬಾಯಲ್ಲಿ. ಮೊದಲ ಸಲ ಅದನ್ನು ಕೇಳಿದಾಗ ಬೆಚ್ಚಿದ್ದೆ. ಆಮೇಲೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ: ಯಾರಿಗೆ ಗೊತ್ತು, ಆ ಜೋಡಿಯನ್ನು ಅವಳೇ ಗಾಬರಿಯಲ್ಲಿ ಉಲ್ಟಾ ಮಾಡಿರಬಹುದು. ನಾನು ಉಲ್ಟಾ ಮಾಡಿಸಿದ್ದು ಬೇರೆ ಯಾವುದೋ ಇರಬಹುದು. ಅಷ್ಟೊಂದು ಜೋಡಿಗಳಿದ್ದವಲ್ಲ. ಈ ಅನುಮಾನದ ಸಂದಿನಲ್ಲೇ ಅಡಗಿಕೊಂಡು ನಾನು ಇಷ್ಟು ವರ್ಷ ಬದುಕಿದ್ದು.

ಅನು ಶುರು ಮಾಡಿದ್ದಳು. ಬ್ರಿಂಗ್ ಅಂದರೆ ಇಲ್ಲಿಗೆ ತರುವುದು, ಟೇಕ್ ಅಂದರೆ ಅಲ್ಲಿಗೆ ಒಯ್ಯುವುದು. ಲೂಸ್ ಅಂದರೆ ಸಡಿಲ, ಲೂಜ್ ಅಂದರೆ ಕಳೆದುಕೊಳ್ಳುವುದು. ನಾನು ಹೂಂ ಹೂಂ ಎನ್ನುತ್ತಿದ್ದೆ. ಆಮೇಲೆ, ತೂಗುತ್ತಿದ್ದ ಕಾಲು ನಿಲ್ಲಿಸಿ, ಗಟ್ಟಿಯಾಗಿ ಹೇಳಿದಳು.

"ಬಾರೋ ಅಂದ್ರೆ ಕಡ ತರೋದು, ಲೆಂಡ್ ಅಂದ್ರೆ ಕಡ ಕೊಡೋದು. ಪಕ್ಕದ್ಮನೆ ಛತ್ರಿ ನಾನು ಬಾರೋ ಮಾಡ್ದೆ, ಅವ್ರು ನಂಗೆ ಲೆಂಡ್ ಮಾಡಿದ್ರು."

ಅದೇ ಛತ್ರಿ. ಸುಜಾತ ಕೊಟ್ಟ ಉದಾಹರಣೆಯೂ ಛತ್ರಿಯದೇ. ಮಳೆಗಾಲ ನೋಡಿ, ನಮ್ಮಲ್ಲಿ ಕಡ ಅಂದರೆ ಮೊದಲು ಬಾಯಿಗೆ ಬರುವುದು ಛತ್ರಿ. ಇದೇ ಮಾತು, ಇದೇ ಗಟ್ಟಿ ದನಿ. ಅವತ್ತು ನಾನು ಕತ್ತರಿಯಿಂದ ನೂಲು ತುಂಡು ಮಾಡುತ್ತ "ಉಲ್ಟಾ ಹೇಳ್ದೆ" ಎಂದದ್ದು, ಅವಳು "ಹೌದಾ?" ಎಂದು ಸಣ್ಣಗಾದದ್ದು, ಎಲ್ಲ ಕಣ್ಣೆದುರಿಗೆ ಬಂತು. ಅಡಗಿಕೊಳ್ಳಲು ಇದ್ದ ಸಂದು ಮುಚ್ಚಿಹೋಯಿತು. ಸರಿಯನ್ನೇ ನಾನು ಉಲ್ಟಾ ಮಾಡಿಸಿದ್ದೆ. ಬ್ಲೌಸಿಗೆ ತೋಳು ಅದಲು ಬದಲಾದರೆ ಬಿಚ್ಚಿ ಹೊಲಿಯುತ್ತೇವೆ. ಇದನ್ನು ಎಲ್ಲಿಂದ ಬಿಚ್ಚಲಿ?

"ದೊಡ್ಡಮ್ಮ, ಸರಿಯಾ ತಪ್ಪಾ?" ಅನು ಕಾಯುತ್ತಿದ್ದಳು.

"ನಂಗೆ ಗೊತ್ತಿಲ್ಲ ಪುಟ್ಟಿ" ಎಂದೆ. "ನಂಗೆ ಇಂಗ್ಲಿಷ್ ಓದೋಕೆ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ."

ಒಳಗೆ ಕಾಯಿ ತುರಿಯುವ ಸದ್ದು ನಿಂತಿತು. ಸುಜಾತ ಬಾಗಿಲಿಗೆ ಬಂದಳು. ಬೆರಳುಗಳಿಗೆಲ್ಲ ಕಾಯಿತುರಿ ಅಂಟಿತ್ತು.

"ಆವತ್ತೂ?" ಎಂದಳು.

"ಆವತ್ತೂ."

ಅವಳು ಬೆರಳಿಗಂಟಿದ ಕಾಯಿತುರಿಯನ್ನೇ ಕೆರೆಯುತ್ತ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊನೆಗೆ, ಯಾರದೋ ಸುದ್ದಿ ಹೇಳುವಂತೆ, ನನಗೆ ಈವರೆಗೆ ಹೇಳದಿದ್ದ ಒಂದು ಮಾತು ಹೇಳಿದಳು. "ಆ ಮೇಡಂ ತಪ್ಪು ಅಂದ್ರು. ನಾನು ಬಿಡ್ಲಿಲ್ಲ. ಇಲ್ಲ ಮೇಡಂ, ನಮ್ಮಕ್ಕ ಒಪ್ಪಿಸ್ಕೊಂಡಿದ್ದಾಳೆ, ತಪ್ಪಾಗಲ್ಲ ಅಂದೆ. ಅವ್ರು ನಕ್ಕಿದ್ದು ಅದಕ್ಕೆ."

ಅವಳು ಸೆರಗಿಗೆ ಕೈ ಒರೆಸಿ ನನ್ನ ಮಡಿಲಿನಿಂದ ಪುಸ್ತಕ ಎತ್ತಿಕೊಂಡಳು, ನನ್ನ ಪಕ್ಕದಲ್ಲಲ್ಲ, ಮಗಳ ಪಕ್ಕದಲ್ಲಿ ಕೂತಳು. ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿದಳು. ಅನು ಒಂದೆರಡು ಕಡೆ ತಿದ್ದಿದಳು. ಅವಳು ತಿದ್ದಿಸಿಕೊಂಡಳು. ಆಮೇಲೆ ಪುಸ್ತಕ ಮುಚ್ಚಿ ನನ್ನನ್ನೇ ನೋಡುತ್ತ ಹೇಳಿದಳು.

"ಬಾರೋ, ಕಡ ತರೋದು. ಲೆಂಡ್, ಕಡ ಕೊಡೋದು."

ದನಿ ಗಟ್ಟಿಯಾಗಿತ್ತು. ಅಭ್ಯಾಸಬಲದಿಂದ "ಸರಿ" ಎನ್ನಲು ನನ್ನ ಬಾಯಿ ತೆರೆಯಿತು. ಮುಚ್ಚಿಕೊಂಡೆ.